ಗ್ರೀಸ್‌ನಲ್ಲಿ ಫೆರ್ರಿ ಇಳಿದ ದಿನಾನೇ ಫ್ಲೈಟ್ ಹಿಡೀಬಹುದಾ?

ಪ್ರಶ್ನೆ: ಸರ್, ಆಗಸ್ಟ್‌ನಲ್ಲಿ ನಕ್ಸೋಸ್, ಸ್ಯಾಂಟೊರಿನಿ ದ್ವೀಪ ನೋಡ್ಕೊಂಡು, ಕೊನೇ ದಿನ ಸ್ಯಾಂಟೊರಿನಿಯಿಂದ ಫೆರ್ರಿ ಹತ್ತಿ ರಾತ್ರಿ ಅಥೆನ್ಸ್‌ನಿಂದ ಫ್ಲೈಟ್ ಹಿಡಿಯೋ ಪ್ಲಾನು. ಆಗುತ್ತಾ? ನಮ್ಮೆಜಮಾನ್ರಿಗೆ ಬಸ್ಸಲ್ಲೇ ವಾಂತಿ ಬರುತ್ತೆ.
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡಮ್ಮಾ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಮೆಲ್ಟೆಮಿ ಅಂತ ಉತ್ತರದ ಗಾಳಿ ಬೀಸುತ್ತೆ, ಆಕಾಶ ಶುಭ್ರವಾಗೇ ಇರುತ್ತೆ ಆದ್ರೆ ಗಾಳಿ ಜೋರಾದ್ರೆ ಫೆರ್ರಿ ನಿಲ್ಲಿಸಿಬಿಡ್ತಾರೆ, ಟಿಕೆಟ್ ದುಡ್ಡು ವಾಪಸ್ ಬರಬಹುದು, ಹೋದ ಫ್ಲೈಟ್ ಬರಲ್ಲ. ಹಿಂದಿನ ದಿನಾನೇ ಅಥೆನ್ಸ್ ಸೇರ್ಕೊಳಿ. ಅಥೆನ್ಸ್ ಹತ್ರ ಫೆರ್ರಿ ಬಂದು ನಿಲ್ಲೋ ಪಿರೇಯಸ್ ಬಂದರಿಂದ ಏರ್‌ಪೋರ್ಟಿಗೆ 2022ರಿಂದ ನೇರ ಮೆಟ್ರೋನೇ ಇದೆ.

ವಾಂತಿ ವಿಷಯಕ್ಕೆ ಬಂದ್ರೆ, ಹೈಸ್ಪೀಡ್ ಬೋಟು 5 ಗಂಟೆ ಆಸುಪಾಸಲ್ಲಿ ತಲುಪಿಸುತ್ತೆ ನಿಜ, ಆದ್ರೆ ಅಲೆ ಎದ್ರೆ ಜಾಸ್ತಿ ಕುಲುಕುತ್ತೆ, ಹೊರಗೆ ಬಂದು ನಿಲ್ಲೋಕೂ ಸಾಮಾನ್ಯವಾಗಿ ಆಗಲ್ಲ. ದೊಡ್ಡ ಹಡಗಿಗೆ 8 ಗಂಟೆ ಹತ್ರ ಬೇಕು, ಆದ್ರೂ ನಾನು ಅದನ್ನೇ ಹೇಳೋದು, ಡೆಕ್ ಮೇಲೆ ತಣ್ಣಗೆ ಕೂತ್ಕೋಬಹುದು, ಟಿಕೆಟ್ಟೂ ಕಮ್ಮಿ.

ಇನ್ನೊಂದು, ನಕ್ಸೋಸ್‌ನಲ್ಲಿ ಹಡಗು ನಿಲ್ಲೋದು ಕೆಲವೇ ನಿಮಿಷ, ದ್ವೀಪದ ಹೆಸರು ಕೂಗಿದ ತಕ್ಷಣ ಲಗೇಜ್ ತಗೊಂಡು ಕೆಳಗೆ ಗಾಡಿಗಳು ನಿಂತಿರೋ ಕಡೆ ಬಂದ್ಬಿಡಿ.