ಡಾಕ್ಟರ್ ಅಲ್ಲದವರು ಕಾಡಿನೂರಿನ ಕ್ಲಿನಿಕ್‌ಗೆ ಹೋಗಿ ಏನು ಮಾಡಬಹುದು?

ವೈದ್ಯಕೀಯ ಓದಿಲ್ಲ, ಒಂದು ವಾರ ರಜೆ ಇದೆ, ಹೋದರೆ ಯಾರಿಗಾದರೂ ಉಪಯೋಗ ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ಆದರೆ ನೀವು ಅಂದುಕೊಂಡಿರುವ ಕೆಲಸ ಸಿಗಲಿಕ್ಕಿಲ್ಲ.

ನಾನು ಅಕೌಂಟ್ಸ್ ನೋಡುವವನು. ಬಿಳಿಗಿರಿರಂಗನ ಬೆಟ್ಟದ ಕಡೆ ಸೋಲಿಗ ಬುಡಕಟ್ಟಿನವರ ಪೋಡುಗಳಿಗೆ, ಅಂದರೆ ಅವರ ಸಣ್ಣ ಹಾಡಿಗಳಿಗೆ, ಹೋಗುವ ಒಂದು ವೈದ್ಯಕೀಯ ತಂಡದ ಜೊತೆ ಆಗಾಗ ಹೋಗುತ್ತೇನೆ. ನನಗೆ ಕೊಡುವುದು ರಿಜಿಸ್ಟರ್ ಬರೆಯುವ ಕೆಲಸ. ಸುಮ್ನೆ ಹೆಸರು ಬರೆಯುವುದು ಅಲ್ವಾ ಅನಿಸಬಹುದು. ಒಂದೇ ಪೋಡಿನಲ್ಲಿ ಮೂವರು ಮಾದಮ್ಮ ಇರುತ್ತಾರೆ. ತುಂಬ ಜನರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಹೆಸರು, ವಯಸ್ಸು ಮಾತ್ರ ಬರೆದುಕೊಂಡರೆ ಒಬ್ಬರ ರಿಪೋರ್ಟ್ ಇನ್ನೊಬ್ಬರ ಕೈ ಸೇರುತ್ತದೆ. ಪೋಡು, ಕುಲ, ಅಪ್ಪನ ಅಥವಾ ಗಂಡನ ಹೆಸರು, ಮನೆಯಲ್ಲಿ ಕರೆಯುವ ಹೆಸರು ಎಲ್ಲ ಕೇಳಬೇಕು.

ಇಷ್ಟು ಜಾಗ್ರತೆ ಯಾಕೆಂದರೆ ಅಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹುಟ್ಟಿನಿಂದಲೇ ಬರುವಂಥದ್ದು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಅಭಿಯಾನದಲ್ಲಿ ಬುಡಕಟ್ಟು ಪ್ರದೇಶಗಳ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಳ್ಳಲಾಗಿತ್ತು. ಬೆರಳು ಚುಚ್ಚಿ ಮಾಡುವ ಮೊದಲ ಪರೀಕ್ಷೆ ಸ್ಥಳದಲ್ಲೇ ಮುಗಿಯುತ್ತದೆ. ಅನುಮಾನ ಬಂದರೆ ಇನ್ನೊಂದು ಪರೀಕ್ಷೆಗೆ ರಕ್ತ ಲ್ಯಾಬ್‌ಗೆ ಹೋಗಬೇಕು. ಆ ರಿಪೋರ್ಟ್ ಬರುವ ಹೊತ್ತಿಗೆ ಕಾಫಿ ಕೊಯ್ಲು ಶುರುವಾಗಿ ಮನೆಯವರೆಲ್ಲ ಎಸ್ಟೇಟ್ ಸೇರಿರುತ್ತಾರೆ. ಅವರನ್ನು ಹುಡುಕುವುದಕ್ಕೆ ಎಂಬಿಬಿಎಸ್ ಬೇಕಿಲ್ಲ.

ಇನ್ನೊಂದು ವಿಷಯ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ಈ ಕಾಯಿಲೆಯ ಜೀನ್ ಪಡೆದವರಾಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ. ಆದರೆ ಅಂಥ ಹುಡುಗಿಗೆ ‘ರಕ್ತದ ಕಾಯಿಲೆಯವಳು’ ಅಂತ ಹೆಸರು ಬಿದ್ದರೆ ಮದುವೆ ಮಾತುಕತೆಯೇ ನಿಂತುಹೋಗುತ್ತದೆ. ಹಾಗಾಗಿ ಟೇಬಲ್ ಹತ್ತಿರ ಯಾರ ಫಲಿತಾಂಶವನ್ನೂ ಜೋರಾಗಿ ಓದಬೇಡಿ. ರಿಜಿಸ್ಟರ್ ತೆರೆದಿಟ್ಟು ಟೀ ಕುಡಿಯಲು ಏಳಬೇಡಿ. ಫೋಟೊ ಅಂತೂ ಬೇಡವೇ ಬೇಡ.

ಒಂದು ದಿನದ ಶಿಬಿರಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಬ್ಯಾನರ್ ಕಟ್ಟಿ, ಬಿಪಿ ನೋಡಿ, ಹತ್ತು ದಿನದ ಮಾತ್ರೆ ಕೊಟ್ಟು ಹೊರಟರೆ ಹನ್ನೊಂದನೇ ದಿನ ಆ ಅಜ್ಜಿ ಏನು ಮಾಡಬೇಕು? ಡಾ. ಎಚ್. ಸುದರ್ಶನ್ 1981ರಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬೆಟ್ಟದಲ್ಲೇ ಬೇರೂರಿತು. ಬುಡಕಟ್ಟಿನ ಹೆಣ್ಣುಮಕ್ಕಳಿಗೇ ನರ್ಸಿಂಗ್ ತರಬೇತಿ ಕೊಟ್ಟಿತು. ನೀವು ಯಾವ ಸಂಸ್ಥೆಗೇ ಹೋಗಿ, ಮುಂದಿನ ತಿಂಗಳು ಅಲ್ಲಿಗೆ ಯಾರು ಬರುತ್ತಾರೆ ಅಂತ ಮೊದಲು ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಮನೆಯಲ್ಲಿ ಉಳಿದ ಅರ್ಧ ಸ್ಟ್ರಿಪ್ ಮಾತ್ರೆಗಳನ್ನು ಹೊತ್ತುಕೊಂಡು ಹೋಗಬೇಡಿ. ಅವನ್ನು ವಿಂಗಡಿಸುವುದೇ ಅಲ್ಲಿಯವರಿಗೆ ಜಾಸ್ತಿ ಕೆಲಸ. ರಜೆಯನ್ನೂ ಒಟ್ಟಿಗೆ ಖರ್ಚು ಮಾಡಬೇಡಿ. ಒಂದೊಂದೇ ದಿನ ವಾರಾಂತ್ಯಕ್ಕೆ ಸೇರಿಸಿಕೊಂಡು ಅದೇ ಪೋಡುಗಳಿಗೆ ಮತ್ತೆ ಮತ್ತೆ ಹೋಗಿ. ನಡುವೆ ಊರಿನಿಂದಲೇ ಫೋನ್ ಮಾಡಿ ಮಾತ್ರೆ ಮುಗಿದಿದೆಯಾ ಅಂತ ವಿಚಾರಿಸುವ ಕೆಲಸ ಕೇಳಿ ತೆಗೆದುಕೊಳ್ಳಿ. ಅದನ್ನು ಮಾಡುವವರು ಯಾವ ತಂಡದಲ್ಲೂ ಕಡಿಮೆ.