ದುಡಿಮೆಯೋ, ಜರಡಿಯೋ?

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣನ ಮಗ ಫೋನ್ ಮಾಡಿದಾಗಲೆಲ್ಲ ಹೇಳುತ್ತಾನೆ, ಅಲ್ಲಿ ಮೆಕ್ಸಿಕೋದವರಿಗಿಂತ ಭಾರತೀಯರು ಜಾಸ್ತಿ ಗಳಿಸುವುದು ಬರೀ ದುಡಿಮೆಯಿಂದ ಅಂತ. ನಿಜವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ದುಡಿಮೆ ಸರಿ. ಆದರೆ ಹೋದವರು ಯಾರು ಅಂತಲೂ ನೋಡಬೇಕಲ್ವಾ? ಅಮೆರಿಕದ 1965ರ ವಲಸೆ ಕಾನೂನಿನ ನಂತರ ಇಲ್ಲಿಂದ ಹೋದವರಲ್ಲಿ ಡಾಕ್ಟರು, ಎಂಜಿನಿಯರುಗಳೇ ಜಾಸ್ತಿ, ಆಮೇಲೆ ಪರಿಣತ ಕೆಲಸಗಾರರಿಗೆ ಕೊಡುವ ಎಚ್-1ಬಿ ವೀಸಾದಲ್ಲಿ ಸಾಫ್ಟ್‌ವೇರ್‌ನವರು. ನಿಮ್ಮ ಕಡೆ ಕ್ಯೂರಿಂಗ್‌ನಲ್ಲಿ ಕಾಫಿ ಬೀಜ ಜರಡಿಗೆ ಹಾಕಿದಾಗ ದಪ್ಪದ್ದು ಮೇಲೆ ನಿಲ್ಲುತ್ತದಲ್ಲ, ಹಾಗೆ. ಮೆಕ್ಸಿಕೋದವರು ಪಕ್ಕದ ಗಡಿ ದಾಟಿ ಹೊಲದ ಕೂಲಿಗೆ ಹೋದರು, ಎಷ್ಟೋ ಜನರಿಗೆ ಕಾಗದಪತ್ರವೇ ಇಲ್ಲ. ಆಗ್ನೇಯ ಏಷ್ಯಾದ ಲಾವೋಸ್ ದೇಶದ ಮಾಂಗ್ ಜನ 1975ರ ನಂತರ ಯುದ್ಧದಿಂದ ಜೀವ ಉಳಿಸಿಕೊಂಡು ಅಮೆರಿಕಕ್ಕೆ ಬಂದವರು, ಅವರನ್ನು ಯಾವ ಪದವಿ ನೋಡಿಯೂ ಆರಿಸಲಿಲ್ಲ.

ಇನ್ನೊಂದು. ನೂರು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿಗಳೂ ಭಾರತೀಯರೇ, ಮೈಗಳ್ಳರೇನಲ್ಲ. ಆದರೆ 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಇಲ್ಲ ಅಂದಿತು, ಪೌರತ್ವ ಪಡೆಯಲಾಗದವರು ಜಮೀನು ಕೊಳ್ಳಬಾರದು ಅಂತ 1913ರ ಕಾನೂನು ಮೊದಲೇ ಇತ್ತು.

ಅಷ್ಟು ದೂರ ಯಾಕೆ, ನಿಮ್ಮ ಕಡೆ ತೋಟದ ಕೂಲಿಯವರ ಲೈನ್‌ಮನೆಗಳಲ್ಲಿರುವ ಅಸ್ಸಾಮಿನವರು ಬೆಳಗಾದರೆ ಏಣಿ ಹತ್ತಿ ಮೆಣಸು ಕೊಯ್ಯುತ್ತಾರೆ. ಅವರ ದುಡಿಮೆ ಕಮ್ಮಿಯಾ? ಮುಂದಿನ ಸಲ ಫೋನ್ ಬಂದಾಗ ಹುಡುಗನನ್ನು ಕೇಳಿ ನೋಡಿ.