ಲೇಔಟ್ ಮಧ್ಯದಲ್ಲೇ ಹಳೇ ಊರಿದೆ, ಹೋಗಿ ನೋಡಿ

ಪ್ರಶ್ನೆ: ಸರ್, ನಾವಿರೋದು ಸಹಕಾರನಗರದಲ್ಲಿ. ಮಗಳಿಗೆ ಸ್ಕೂಲಲ್ಲಿ ನಮ್ಮೂರ ಇತಿಹಾಸ ಅಂತ ಪ್ರಾಜೆಕ್ಟ್ ಕೊಟ್ಟಿದಾರೆ. ಲಾಲ್‌ಬಾಗ್, ವಿಧಾನಸೌಧ ಕ್ಲಾಸಲ್ಲಿ ಎಲ್ಲರೂ ಬರೀತಾರೆ, ನಮ್ಮ ಕಡೆ ನೋಡಿದ್ರೆ ಬರೀ ಸೈಟು, ಅಪಾರ್ಟ್‌ಮೆಂಟು, ಫ್ಲೈಓವರ್. ಅವಳಿಗೆ ಏನು ತೋರಿಸ್ಲಿ?

ಉತ್ತರ: ನಿಮ್ಮ ಪಕ್ಕದಲ್ಲೇ ಹೆಬ್ಬಾಳ ಇದೆಯಲ್ಲಮ್ಮ! 2018ರಲ್ಲಿ ಅಲ್ಲಿ ಚರಂಡಿ ಅಗೀತಿರುವಾಗ ಒಂದು ಕಲ್ಲು ಸಿಕ್ತು, ಸುಮಾರು ಕ್ರಿ.ಶ. 750ರದ್ದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಬೆಂಗಳೂರಲ್ಲಿ ಇಲ್ಲೀವರೆಗೆ ಸಿಕ್ಕಿರೋ ಕನ್ನಡ ಶಾಸನಗಳಲ್ಲಿ ಅದೇ ಹಳೇದು. ನಾಡಿನ ಮೇಲೆ ದಂಡು ಬಂದಾಗ ಕಾದಾಡಿ ಸತ್ತ ಕಿತ್ತಯ್ಯ ಅನ್ನೋನಿಗೋಸ್ಕರ ನೆಟ್ಟ ಕಲ್ಲು ಅದು. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ, ಅದಕ್ಕೂ ಏಳೆಂಟು ಶತಮಾನ ಮುಂಚೆ ನಿಮ್ಮ ಕಡೆ ಊರಿತ್ತು, ಊರಿಗೋಸ್ಕರ ಪ್ರಾಣ ಕೊಟ್ಟೋರಿದ್ರು. ಮಗಳನ್ನ ಮೊದಲು ಅಲ್ಲಿಗೇ ಕರ್ಕೊಂಡು ಹೋಗಿ.

ಬೇರೆ ಏರಿಯಾದವರಿಗೂ ಹೇಳ್ತೀನಿ, ಲೇಔಟ್ ರೋಡ್‌ಗಳೆಲ್ಲಾ ನೆಟ್ಟಗೆ ಇರ್ತವೆ, ಹಾಗೇ ನಡ್ಕೊಂಡು ಹೋಗ್ತಾ ಎಲ್ಲಿ ರಸ್ತೆ ಸೊಟ್ಟಗಾಗಿ, ಕಿರಿದಾಗಿ, ಒಂದು ಅಶ್ವತ್ಥಕಟ್ಟೆ, ಮಾರಮ್ಮನ ಗುಡಿ, ಒಂದೆರಡು ಹೆಂಚಿನ ಮನೆ ಕಾಣುತ್ತೋ ಅದೇ ಮೂಲ ಹಳ್ಳಿ ಅಂತ ಇಟ್ಕೊಳ್ಳಿ. ಇಂಥ ಹಳೇ ಕಲ್ಲು ಇದೆಯಾ ಅಂತ ಗುಡಿ ಹಿಂದುಗಡೆ ನೋಡಿ, ಕೆರೆ ಉಳಿದಿದ್ರೆ ಏರಿ ಮೇಲೆ, ತೂಬಿನ ಹತ್ರ ನೋಡಿ.

ವೀರಗಲ್ಲಾದ್ರೆ, ಅಂದ್ರೆ ಕಾದಾಡಿ ಸತ್ತೋನ ನೆನಪಿಗೆ ನೆಟ್ಟ ಕಲ್ಲಾದ್ರೆ, ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತೆ, ಕೆಳಗಿಂದ ಮೇಲಕ್ಕೆ ಓದ್ಬೇಕು. ಕೆಳಗೆ ಕಾಳಗ, ಕೈಯಲ್ಲಿ ಬಿಲ್ಲೋ ಕತ್ತಿಯೋ ಇರುತ್ತೆ, ಕಾಲ ಬಳಿ ಹಸುಗಳಿದ್ರೆ ದನ ಹೊಡ್ಕೊಂಡು ಹೋಗೋಕೆ ಬಂದೋರ ಜೊತೆ ಹೋರಾಡಿ ಸತ್ತಿದಾನೆ ಅಂತ ಲೆಕ್ಕ. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಕರ್ಕೊಂಡು ಹೋಗ್ತಿರ್ತಾರೆ. ತುದೀಲಿ ಶಿವಲಿಂಗ, ಪಕ್ಕದಲ್ಲಿ ಕೂತಿರೋ ವೀರ. ದಾನದ ಕಲ್ಲು ಬೇರೆ ಥರ, ಮೇಲ್ಗಡೆ ಸೂರ್ಯ ಚಂದ್ರ ಕೆತ್ತಿರ್ತಾರೆ, ಅವೆರಡೂ ಇರೋವರೆಗೆ ಈ ದಾನ ನಡೀಲಿ ಅಂತ. ಕೊನೇ ಸಾಲಲ್ಲಿ ಇದಕ್ಕೆ ತಪ್ಪಿ ನಡೆದೋರು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನ ಕೊಂದ ಪಾಪಕ್ಕೆ ಹೋಗ್ತಾರೆ ಅಂತ ಶಾಪ ಹಾಕಿರೋದೂ ಉಂಟು. ಕೊಟ್ಟ ಭೂಮೀನ ಯಾರೂ ನುಂಗಬಾರದು ಅನ್ನೋ ಕಾಳಜಿ ಆಗ ಅಷ್ಟಿತ್ತು, ಪ್ರಾಜೆಕ್ಟಿಗೆ ಆ ಸಾಲು ತಪ್ಪದೇ ಬರೆಸಿ.

ಪ್ರಶ್ನೆ: ನಮ್ಮ ಬೀದಿ ಕೊನೇಲಿ ಒಂದು ಅಕ್ಷರದ ಕಲ್ಲಿದೆ, ಆಯಿಲ್ ಪೇಂಟ್ ಬಳಿದು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡ್ತಾರೆ. ಉಜ್ಜಿ ತೆಗೆದು ಓದ್ಬಹುದಾ? (ಬೇಗೂರಿಂದ)

ಉತ್ತರ: ದಯವಿಟ್ಟು ಉಜ್ಜಬೇಡಿ. ವೈರ್ ಬ್ರಶ್ಶು, ಆಸಿಡ್ಡು ತಾಗಿದ್ರೆ ಸವೆದಿರೋ ಅಕ್ಷರ ಪೂರ್ತಿ ಹೋಗಿಬಿಡುತ್ತೆ. ಪೂಜೆ ಮಾಡೋರ ಮೇಲೆ ಕೋಪಾನೂ ಬೇಡ, ಎಷ್ಟೋ ಕಲ್ಲುಗಳು ಸೈಜುಗಲ್ಲಾಗಿ ಗೋಡೆ ಸೇರದೆ ಉಳಿದಿರೋದೇ ಆ ಭಕ್ತಿಯಿಂದ ಅಂತ ನಾನು ನಂಬ್ತೀನಿ. ಅವರ ಹತ್ರ ಕೂತು ಮಾತಾಡಿ, ಒಪ್ಪಿದ್ರೆ ಕತ್ತಲಾದ್ಮೇಲೆ ಹೋಗಿ ಒಬ್ಬರು ಮೊಬೈಲ್ ಟಾರ್ಚನ್ನ ಕಲ್ಲಿಗೆ ಅಡ್ಡವಾಗಿ, ಅಂಚಿಗೆ ತಾಗಿದ ಹಾಗೆ ಹಿಡೀಲಿ, ಇನ್ನೊಬ್ಬರು ಎದುರಿಂದ ಫೋಟೋ ತೆಗೀರಿ. ಹಗಲಲ್ಲಿ ಏನೂ ಕಾಣದ ಕಡೆ ನೆರಳು ಬಿದ್ದು ಅಕ್ಷರ ಎದ್ದು ಬರುತ್ತೆ.

ಆಮೇಲೆ ಬಿ.ಎಲ್. ರೈಸ್ ಅವರು ಶಾಸನಗಳನ್ನ ಸಂಗ್ರಹಿಸಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಪುಸ್ತಕಮಾಲೆಯ 9ನೇ ಸಂಪುಟ ನೋಡಿ, 1905ರದ್ದು, ಬೆಂಗಳೂರು ಜಿಲ್ಲೆ ಶಾಸನಗಳೇ ಅದರಲ್ಲಿರೋದು, ಅದರಲ್ಲಿ ನಿಮ್ಮ ಹಳ್ಳಿ ಹೆಸರು ಹುಡುಕಿ. ನೀವಂತೂ ಬೇಗೂರಿನವರು, ನಿಮ್ಮ ನಾಗೇಶ್ವರ ದೇವಸ್ಥಾನದಲ್ಲಿ ಬೆಂಗಳೂರ ಕಾಳಗ ಅಂತ ಬರೆದಿರೋ ಸುಮಾರು 890ರ ಕಲ್ಲು ಇದೆ, ನಮ್ಮೂರ ಹೆಸರು ಕಾಣಿಸಿಕೊಳ್ಳೋ ಹಳೇ ಶಾಸನ. ಅದನ್ನ ನೋಡಿ ಬಂದ್ರೆ ಆ ಕಾಲದ ಅಕ್ಷರ ಹೇಗಿರುತ್ತೆ ಅಂತ ಕಣ್ಣಿಗೆ ರೂಢಿ ಆಗುತ್ತೆ.

ಪುಸ್ತಕದಲ್ಲಿ ಇಲ್ಲ ಅಂದ್ರೆ ಫೋಟೋ, ಲೊಕೇಶನ್ ಎರಡೂ ತಗೊಂಡು ನೃಪತುಂಗ ರಸ್ತೆಯಲ್ಲಿರೋ ಇತಿಹಾಸ ಅಧ್ಯಯನದ ಸಂಸ್ಥೆ ಮಿಥಿಕ್ ಸೊಸೈಟಿಗೆ ಹೋಗಿ, ಅಲ್ಲಿ ಬೆಂಗಳೂರಿನ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡಿ ಇಡೋ ಕೆಲಸ ಮಾಡಿದಾರೆ. ರಸ್ತೆ ಅಗಲ ಮಾಡ್ತಾರೆ, ಜೆಸಿಬಿ ಬರುತ್ತೆ ಅಂತ ಸುದ್ದಿ ಇದ್ರೆ ಮಾತ್ರ ಕಾಯಬೇಡಿ, ಪುರಾತತ್ವ ಇಲಾಖೆಗೆ ಅವತ್ತೇ ಅರ್ಜಿ ಕೊಡಿ, ಬೀದಿಯವರ ಸಹಿ ಹಾಕಿಸಿ.